ಮಾವನ ಎಡೆಗೆ ಮರದ ತಟ್ಟೆಗಳು: ಜೇಗಿ ಸೆಟ್ಟಿನ ರಿಪೇರಿ, ಆಮೇಲೆ ಅಡುಗೆ

ಜೊನ್‌ಜುವಿನಲ್ಲಿ ನಮ್ಮತ್ತೆಯ ಮನೆಯಲ್ಲಿದ್ದ ಜೇಗಿ ಸೆಟ್ಟನ್ನು ಈ ಸಲ ರಿಪೇರಿ ಮಾಡಿ, ಅದರಲ್ಲೇ ಮಾವನ ಗಿಜೇಸಾಗೆ ಎಡೆ ಇಟ್ಟೆವು. ಜೇಗಿ ಅಂದರೆ ಕೊರಿಯಾದವರು ತೀರಿಕೊಂಡ ಹಿರಿಯರಿಗೆ ಬಡಿಸಲು ಅಂತಲೇ ಬೇರೆ ಎತ್ತಿಡುವ ಪಾತ್ರೆಗಳು. ಜೇಸಾ ಅಂದರೆ ಹಿರಿಯರಿಗೆ ಎಡೆ ಇಟ್ಟು ಅಡ್ಡಬೀಳುವ ಶಾಸ್ತ್ರ, ಗಿಜೇಸಾ ಅಂದರೆ ತೀರಿಕೊಂಡ ತಿಥಿಯ ದಿನ ಮಾಡುವ ಜೇಸಾ. ಸೊಲ್ಲಾಲ್ (ಚಾಂದ್ರಮಾನದ ಹೊಸವರ್ಷ) ಮತ್ತು ಚುಸೋಕ್ (ಸುಗ್ಗಿ) ಹಬ್ಬದ ಬೆಳಿಗ್ಗೆ ಎಲ್ಲ ಹಿರಿಯರಿಗೂ ಸೇರಿಸಿ ಇಡುವುದು ಚಾರ್ಯೆ, ಅದು ಇದಕ್ಕಿಂತ ಚಿಕ್ಕದು. ಮರದ ಕೆಲಸ ಶುರು ಮಾಡಿದಲ್ಲಿಂದ ಮೇಜಿನ ಮೇಲೆ ಕೊನೆಯ ತಟ್ಟೆ ಇಡುವವರೆಗೆ ಏನೇನು ಮಾಡಿದೆ ಅಂತ ಇಲ್ಲಿ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಇಲ್ಲಿನ ಮನೆಗೆ ಸೊಸೆಯಾಗಿ ಬಂದ ಕನ್ನಡದವರಿಗೆ ಉಪಯೋಗಕ್ಕೆ ಬರಬಹುದು.

ಕೈಗೆ ಬಂದಾಗ ಹೇಗಿತ್ತು

ಇದು ಮಾವನವರ ಅಮ್ಮ ನಾಮ್‌ವೊನ್‌ನಿಂದ ತಂದ ಸೆಟ್ಟು. ನಾಮ್‌ವೊನ್ ಜಿರಿಸಾನ್ ಬೆಟ್ಟದ ಬುಡದ ಊರು, ಮರದ ಪಾತ್ರೆಗೆ ದೇಶಕ್ಕೆಲ್ಲ ಹೆಸರಾದದ್ದು. ಅಲ್ಲಿನ ಸಿಲ್‌ಸಾಂಗ್‌ಸಾ ಮಠದ ಭಿಕ್ಷುಗಳು ತಮ್ಮ ಊಟದ ಬಟ್ಟಲು ತಾವೇ ಕಡೆದುಕೊಳ್ಳುತ್ತಿದ್ದರು, ಆ ಕೈಕೆಲಸವೇ ಊರಿಗೆ ಹರಡಿತು ಅಂತ ಹೇಳುತ್ತಾರೆ. ತಟ್ಟೆಗಳ ಅಗಲ ಸುಮಾರು 18 ಸೆಂಟಿಮೀಟರ್, ಕಾಲಿನ ಎತ್ತರ 8. ಕಾಲು ಇರುವುದೇ ಮುಖ್ಯ. ನಾವು ಬದುಕಿರುವವರು ದಿನಾ ಉಣ್ಣುವ ತಟ್ಟೆಗೆ ಕಾಲಿಲ್ಲ, ಹಿರಿಯರ ತಟ್ಟೆಗೆ ಇದೆ. ಅವರಿಗೆ ಇಡುವುದನ್ನು ಎತ್ತರದಲ್ಲಿ ಇಡಬೇಕು.

ಒಂದು ತಟ್ಟೆಯ ಕಾಲು ಪೂರ್ತಿ ಕಳಚಿತ್ತು. ಇನ್ನೊಂದರ ಅಂಚು ಮರದ ಎಳೆಯ ಉದ್ದಕ್ಕೂ ಸೀಳಿತ್ತು. ಮಾಂಸದ ಜೊಕ್, ಅಂದರೆ ಮಸಾಲೆ ಹಾಕಿ ಸುಟ್ಟ ಮಾಂಸ ಇಡುವ ಉದ್ದನೆಯ ತಟ್ಟೆಯ ಮೂಲೆಯನ್ನು ಯಾವಾಗಲೋ ಯಾರೋ ಕ್ಷಣದಲ್ಲಿ ಹಿಡಿಯುವ ಅಂಟು ಹಾಕಿ ಕೂರಿಸಿದ್ದರು, ಅದು ಹಳದಿಯಾಗಿ ಬಿಟ್ಟುಕೊಂಡಿತ್ತು. ಮಿಕ್ಕಿದ್ದರಲ್ಲಿ ಅಲ್ಲಲ್ಲಿ ಬಣ್ಣದ ಪದರ ಚಕ್ಕೆ ಎದ್ದಿತ್ತು. ಇದಕ್ಕೆಲ್ಲ ಕಾರಣ ಹವೆ. ಜುಲೈ ಮಳೆಯಲ್ಲಿ ಮರ ಹೀರಿಕೊಂಡು ಉಬ್ಬುತ್ತದೆ, ಚಳಿಗಾಲದಲ್ಲಿ ನೆಲದಡಿಯಿಂದ ಬಿಸಿ ಮಾಡುವ ಒಂದೊಲ್ ಹಾಕಿದಾಗ ಮನೆಯೊಳಗಿನ ಗಾಳಿ ಒಣಗಿ ಮರ ಕುಗ್ಗುತ್ತದೆ. ಇವರ ಬೀರು ನೆಲಕ್ಕೆ ತಾಗಿಕೊಂಡೇ ಇದೆ. ವರ್ಷ ವರ್ಷ ಹೀಗೆ ಉಬ್ಬಿ ಕುಗ್ಗಿದರೆ ಎಷ್ಟು ಗಟ್ಟಿ ಕೂಡು ಇದ್ದರೂ ಸಡಿಲವಾಗಲೇಬೇಕು.

ಅತ್ತೆ ಹೊಸದು ತರೋಣ ಅಂದರು. ಈಗ ಸ್ಟೀಲಿನ ಜೇಗಿ ಸಿಗುತ್ತದೆ, ತೊಳೆಯಲು ಸುಲಭ, ಬಿರುಕು ಬಿಡುವುದಿಲ್ಲ. ಅದನ್ನು ತಪ್ಪು ಅನ್ನಲಾರೆ. ಆದರೆ ಈ ತಟ್ಟೆಗಳಲ್ಲಿ ಮಾವ ತಮ್ಮ ಅಪ್ಪನಿಗೆ, ಅಮ್ಮನಿಗೆ ಬಡಿಸಿದ್ದಾರೆ. ಅವರಿಗೂ ಇದರಲ್ಲೇ ಬಡಿಸಬೇಕು ಅಂತ ನನಗೆ ಅನಿಸಿತು. ಮರ ಗಟ್ಟಿಯಾಗಿಯೇ ಇತ್ತು, ಹುಳ ಬಿದ್ದಿರಲಿಲ್ಲ. ಹಾಗಾಗಿ ಎಲ್ಲವನ್ನೂ ಹಳೇ ಪೇಪರಿನಲ್ಲಿ ಸುತ್ತಿ ನಾವಿರುವ ಸುವೊನ್‌ಗೆ ತಂದೆ.

ಎಪಾಕ್ಸಿ ಬೇಡ, ಒಟ್‌ಚಿಲ್ ಬೇಕು

ಮೊದಲ ತೀರ್ಮಾನ ಅಂಟಿನದು. ಎಪಾಕ್ಸಿ ಹಾಕಿದ್ದರೆ ಒಂದು ಸಂಜೆಯ ಕೆಲಸ. ಆದರೆ ಜೇಸಾ ಮುಗಿದ ಮೇಲೆ ಆ ಊಟವನ್ನು ಮನೆಯವರೆಲ್ಲ ಕೂತು ತಿನ್ನುತ್ತೇವೆ, ಅದಕ್ಕೆ ಉಂಬೊಕ್ ಅನ್ನುತ್ತಾರೆ. ಅಂದರೆ ಇವು ಷೋಕೇಸಿನ ಸಾಮಾನಲ್ಲ, ಬಿಸಿ ಸಾರು, ಎಣ್ಣೆ ಜಿಡ್ಡು, ಅಕ್ಕಿ ಮದ್ಯ ಎಲ್ಲ ಬೀಳುವ ಪಾತ್ರೆಗಳು. ಮೂಲತಃ ಹಚ್ಚಿದ್ದು ಒಟ್‌ಚಿಲ್, ಅಂದರೆ ಒಟ್ ಮರದ ಸೊನೆ. ಅದು ಒಮ್ಮೆ ಗಟ್ಟಿಯಾದರೆ ನೀರು, ಹುಳಿ, ಮದ್ಯ, ಬಿಸಿ ಯಾವುದಕ್ಕೂ ಜಗ್ಗುವುದಿಲ್ಲ. ಬಿಸಿಲೊಂದಕ್ಕೆ ಮಾತ್ರ ಆಗದು. ಗಾಂಗ್‌ವೊನ್ ಪ್ರಾಂತ್ಯದ ವೊಂಜು ಊರಿನ ಸೊನೆಗೆ ಒಳ್ಳೇ ಹೆಸರು. ಚಿಕ್ಕ ಟ್ಯೂಬು ತಂದೆ, ಬೆಲೆ ಜಾಸ್ತಿಯೇ, ಆದರೆ ಇಷ್ಟು ಕೆಲಸಕ್ಕೆ ತೀರಾ ಸ್ವಲ್ಪ ಸಾಕು.

ಈ ಸೊನೆ ಮೈಗೆ ತಾಗಿದರೆ ಸುಡುತ್ತದೆ. ನಾನು ಪುತ್ತೂರು ಕಡೆಯವಳು, ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಬೆರಳ ಚರ್ಮ ಏಳುವುದನ್ನು, ಮಾವಿನಕಾಯಿ ತೊಟ್ಟಿನ ಸೊನೆ ಹಾರಿ ಕೆನ್ನೆ ಕಪ್ಪಾಗುವುದನ್ನು ನೋಡಿಯೇ ಬೆಳೆದವಳು. ಒಟ್ ಮರ, ಗೇರು, ಮಾವು ಮೂರೂ ಒಂದೇ ಕುಟುಂಬದವು. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು ಕೂಡ ಅದೇ ಕುಟುಂಬ. ಒಟ್ ಸೊನೆಯಲ್ಲಿರುವ ಸುಡುವ ಅಂಶ ಉರುಶಿಯಾಲ್, ಗೇರು ಸಿಪ್ಪೆಯ ಎಣ್ಣೆಯಲ್ಲಿರುವುದು ಅದರ ಹತ್ತಿರದ ಸಂಬಂಧಿ. ಇನ್ನೂ ಒಂದು ವಿಷಯ ಕೇಳಿ: ಇಲ್ಲಿ ಕಡಿಮೆ ಬೆಲೆಗೆ ಮಾರುವ ಜೇಗಿಗಳಿಗೆ ಹಚ್ಚುವುದು ಒಟ್‌ಚಿಲ್ ಅಲ್ಲ, ಕ್ಯಾಷು ಬಣ್ಣ. ಅದನ್ನು ಮಾಡುವುದು ಗೇರುಬೀಜದ ಸಿಪ್ಪೆಯ ಎಣ್ಣೆಯಿಂದಲೇ. ಊರಿನ ಗೇರು ಕಾರ್ಖಾನೆಗಳ ಹಿಂದೆ ಗುಡ್ಡೆ ಬಿದ್ದಿರುತ್ತಿದ್ದ ಆ ಸಿಪ್ಪೆಯ ಎಣ್ಣೆಗೆ ಕೊರಿಯಾದ ಹಿರಿಯರ ತಟ್ಟೆಯ ಮೇಲೂ ಒಂದು ಜಾಗ ಇದೆ ಅಂತ ತಿಳಿದಾಗ ನನಗೆ ತುಂಬಾ ಖುಷಿಯಾಯಿತು.

ಹಾಗಾಗಿ ಎಚ್ಚರಿಕೆ ಮೊದಲು. ನೈಟ್ರೈಲ್ ಗ್ಲೌಸ್, ಉದ್ದ ತೋಳು, ಮಣಿಕಟ್ಟಿನ ಹತ್ತಿರ ಟೇಪು. ಮುಖ, ಕುತ್ತಿಗೆಗೆ ಮೊದಲೇ ಅಡುಗೆ ಎಣ್ಣೆ ಸವರಿಕೊಂಡೆ. ಬ್ರಷ್ ತೊಳೆಯಲೂ ಅಡುಗೆ ಎಣ್ಣೆಯೇ ಬೇಕು, ನೀರು ಹಾಕಿದರೆ ಕೆಲಸ ಕೆಡುತ್ತದೆ. ತುರಿಕೆ ತಕ್ಷಣ ಬರುವುದಿಲ್ಲ, ಒಂದೆರಡು ದಿನ ಬಿಟ್ಟು ಏಳುತ್ತದೆ, ಆದ್ದರಿಂದ ಇವತ್ತು ಏನೂ ಆಗಲಿಲ್ಲ ಅಂತ ನಾಳೆ ಬರಿಗೈಯಲ್ಲಿ ಮುಟ್ಟಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಈ ಕೆಲಸ ಬೇರೆ ಕಡೆ ಮಾಡಿ.

ಕೂಡಿಸುವ ಕೆಲಸ

ಹಳೇ ಅಂಟನ್ನು ಅಸಿಟೋನ್‌ನಲ್ಲಿ ಅದ್ದಿದ ಹತ್ತಿ ಇಟ್ಟು ಮೆತ್ತಗೆ ಮಾಡಿ, ಮೊಂಡು ಚಾಕುವಿನಿಂದ ಕೆರೆದು ತೆಗೆದೆ. ನೈಲ್ ಪಾಲಿಶ್ ರಿಮೂವರಿನಲ್ಲಿ ಇರುವುದು ಇದೇ. ಅವಸರ ಮಾಡಬಾರದು, ಕೆರೆಯುವಾಗ ಮರದ ಎಳೆ ಎದ್ದರೆ ಕೂಡು ಕೂರುವುದಿಲ್ಲ.

ಕಳಚಿದ ಕಾಲಿನ ಮೇಲ್ತುದಿಯಲ್ಲಿ ಒಂದು ಗುಂಡನೆಯ ಗೂಟ ಇದೆ, ಅದು ತಟ್ಟೆಯ ತಳದ ಕುಳಿಯಲ್ಲಿ ಕೂರಬೇಕು. ಗೂಟ ಕುಗ್ಗಿತ್ತು, ಸುತ್ತ ಹೆಚ್ಚುಕಮ್ಮಿ ಒಂದು ಮಿಲಿಮೀಟರ್ ಸಂದು. ಅಂಟಕ್ಕಿ ಹಿಟ್ಟನ್ನು ನೀರಲ್ಲಿ ಕಲಸಿ ಸಣ್ಣ ಉರಿಯಲ್ಲಿ ಗಟ್ಟಿ ಗಂಜಿ ಕಾಯಿಸಿದೆ. ಆರಿದ ಮೇಲೆ ಅಷ್ಟೇ ಪ್ರಮಾಣದ ಹಸಿ ಸೊನೆ ಸೇರಿಸಿ ಗಾಜಿನ ಮೇಲೆ ಚೆನ್ನಾಗಿ ನಾದಿದೆ. ಇದಕ್ಕೆ ಹೋಚಿಲ್ ಅನ್ನುತ್ತಾರೆ. ಮೊದಲು ಹಾಲು ಕಾಫಿಯ ಬಣ್ಣ ಇರುತ್ತದೆ, ಗಾಳಿ ತಾಗುತ್ತಿದ್ದ ಹಾಗೆ ಕಣ್ಣೆದುರೇ ಕಂದಾಗಿ ಆಮೇಲೆ ಕಪ್ಪಾಗುತ್ತದೆ. ಚಮಚ ಎತ್ತಿದರೆ ಎಳೆ ಎಳೆಯಾಗಿ ಬರಬೇಕು, ಆಗ ಹದ. ಗೂಟಕ್ಕೆ ಸೆಣಬಿನ ನಾರನ್ನು ಈ ಅಂಟಿನಲ್ಲಿ ಅದ್ದಿ ತೆಳ್ಳಗೆ ಸುತ್ತಿದೆ, ಕುಳಿಯೊಳಗೂ ಸವರಿದೆ, ಸ್ವಲ್ಪ ಹೊತ್ತು ಜಿಗುಟಾಗಲು ಬಿಟ್ಟು ಒತ್ತಿ ಕೂರಿಸಿದೆ. ತಟ್ಟೆಯನ್ನು ಬೋರಲು ಹಾಕಿ, ಕಾಲಿನ ಮೇಲೆ ಅಕ್ಕಿ ತುಂಬಿದ ಡಬ್ಬಿ ಇಟ್ಟು ಭಾರ ಕೊಟ್ಟೆ. ಕಾಲು ನೆಟ್ಟಗಿದೆಯಾ ಅಂತ ನಾಲ್ಕೂ ಕಡೆಯಿಂದ ಅಳೆದು ನೋಡಬೇಕು, ಒಣಗಿದ ಮೇಲೆ ತಿದ್ದಲು ಆಗುವುದಿಲ್ಲ.

ಸೀಳಿದ ಅಂಚಿಗೆ ನುಣ್ಣನೆಯ ಮರದ ಪುಡಿಯನ್ನು ಅದೇ ಅಂಟಿನಲ್ಲಿ ಕಲಸಿ ತುಂಬಿದೆ. ಹಿಂಭಾಗದಲ್ಲಿ ಬೆರಳಗಲ ಸೆಣಬಿನ ಬಟ್ಟೆಯ ಪಟ್ಟಿ ಅಂಟಿಸಿದೆ, ಮತ್ತೆ ಅಲ್ಲೇ ಸೀಳಬಾರದು ಅಂತ. ಅದರ ಮೇಲೆ ಜೇಡಿಮಣ್ಣಿನ ನುಣುಪು ಪುಡಿ ಮತ್ತು ಸೊನೆ ಸೇರಿಸಿ ಮೆತ್ತಿದರೆ ಬಟ್ಟೆಯ ನೇಯ್ಗೆ ಮುಚ್ಚಿಹೋಗುತ್ತದೆ.

ಇನ್ನು ಒಣಗಿಸುವುದು. ಒಣಗಿಸುವುದು ಅಂತ ಬಾಯಿಮಾತಿಗೆ ಹೇಳುತ್ತೇವೆ, ನಿಜಕ್ಕೂ ಸೊನೆ ಗಟ್ಟಿಯಾಗಲು ತೇವ ಬೇಕು. ಅದರೊಳಗಿನ ಲ್ಯಾಕೇಸ್ ಎಂಬ ಕಿಣ್ವ ತೇವ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ. 20ರಿಂದ 30 ಡಿಗ್ರಿ ಬಿಸಿ, ಗಾಳಿಯಲ್ಲಿ ನೂರಕ್ಕೆ 70ರಿಂದ 80 ತೇವ. ಮಾವನ ತಿಥಿ ಬರುವುದು ಚಾಂದ್ರಮಾನದ ಹತ್ತನೇ ತಿಂಗಳಲ್ಲಿ, ಅಂದರೆ ನವೆಂಬರ್ ಹೊತ್ತಿಗೆ. ಆಗ ಇಲ್ಲಿ ತುಟಿ ಒಡೆಯುವಷ್ಟು ಒಣ ಹವೆ. ಮುಚ್ಚಳ ಇರುವ ದೊಡ್ಡ ಪ್ಲಾಸ್ಟಿಕ್ ಡಬ್ಬದ ತಳದಲ್ಲಿ ಹಿಂಡಿದ ಒದ್ದೆ ಟವೆಲ್ ಹಾಸಿ, ಮೇಲೆ ಜಾಲರಿ, ಅದರ ಮೇಲೆ ತಟ್ಟೆಗಳು, ಪಕ್ಕದಲ್ಲಿ ತೇವ ಅಳೆಯುವ ಚಿಕ್ಕ ಮೀಟರ್. ಡಬ್ಬವನ್ನು ಒಂದೊಲ್ ಬೆಚ್ಚಗಿರುವ ಮೂಲೆಯಲ್ಲಿ ಇಟ್ಟೆ. ಮರವನ್ನು ಸೀಳಿದ ಆ ನೆಲದ ಬಿಸಿಯೇ ಈಗ ಕೂಡಿಸುವುದಕ್ಕೂ ಆಯಿತು. ಕೂಡಿಸಿದ ಜಾಗಗಳನ್ನು ಎರಡು ವಾರದ ತನಕ ಮುಟ್ಟಬಾರದು.

ಆಮೇಲೆ ಒದ್ದೆ ಉಜ್ಜುಕಾಗದ, 400ರಿಂದ ಶುರುಮಾಡಿ 1000ದ ತನಕ. ಮೇಲೆ ತೆಳ್ಳಗೆ ಸೊನೆ ಸವರಿ ಹತ್ತಿ ಬಟ್ಟೆಯಿಂದ ಒರೆಸಿಬಿಡುವುದು, ಡಬ್ಬದಲ್ಲಿ ಒಂದು ದಿನ ಇಡುವುದು, ಹಗುರವಾಗಿ ಉಜ್ಜುವುದು, ಮತ್ತೆ ಸವರುವುದು. ದಪ್ಪ ಹಚ್ಚಿದರೆ ಮೇಲ್ಪದರ ಮೊದಲು ಗಟ್ಟಿಯಾಗಿ ಸುಕ್ಕು ಬೀಳುತ್ತದೆ. ಹೊಸದಾಗಿ ಹಚ್ಚಿದ ಜಾಗ ಹಳೆಯದಕ್ಕಿಂತ ಕಪ್ಪಗೆ ಕಾಣುತ್ತದೆ, ಅದಕ್ಕೆ ಬೇಜಾರಾಗಬೇಡಿ, ವರ್ಷ ಕಳೆದಂತೆ ಒಟ್‌ಚಿಲ್ ತಿಳಿಯಾಗಿ ಒಳಗಿನ ಮರ ಕಾಣಲು ಶುರುವಾಗುತ್ತದೆ. ಹೊಸ ಸೊನೆಯ ವಾಸನೆ ಹೋಗಲು ಅಕ್ಕಿ ಡಬ್ಬಿಯಲ್ಲಿ ಹೂತಿಡು ಅಂತ ಅತ್ತೆ ಫೋನಿನಲ್ಲಿ ಹೇಳಿದರು. ಹಾಗೇ ಮಾಡಿದೆ.

ಚಮಚ ಮತ್ತು ಚಾಪ್‌ಸ್ಟಿಕ್ ಮಾತ್ರ ಲೋಹದವು, ಬಾಂಗ್ಜಾ ಯುಗಿ. ನೂರಕ್ಕೆ 78 ತಾಮ್ರ, 22 ತವರ, ಅಂದರೆ ನಮ್ಮ ಕಂಚೇ. ಕಪ್ಪು ಹಿಡಿದಿತ್ತು. ಹಿಂದೆ ಹೆಂಚಿನ ಪುಡಿ, ಹುಲ್ಲು ಹಾಕಿ ಉಜ್ಜುತ್ತಿದ್ದರಂತೆ. ನಾನು ಹುಣಸೆಹಣ್ಣು ಹಾಕಿ ಉಜ್ಜಿ, ತಕ್ಷಣ ತೊಳೆದು ಒರೆಸಿದೆ. ಹೊಳಪು ಬಂತು.

ಸಂತೆ ಮತ್ತು ಅಡುಗೆ

ತಿಥಿಯ ಹಿಂದಿನ ದಿನ ಜೊನ್‌ಜುಗೆ ಹೋಗಿ ನಾಂಬು ಮಾರ್ಕೆಟ್ಟಿನಲ್ಲಿ ಸಾಮಾನು ತಂದೆವು. ತೊಕ್ ಅನ್ನು, ಅಂದರೆ ಅಕ್ಕಿ ಹಿಟ್ಟಿನ ಕಡುಬನ್ನು, ಗಿರಣಿಯಲ್ಲೇ ಹೇಳಿ ಮಾಡಿಸಿದ್ದು. ಜೇಸಾ ತೊಕ್‌ಗೆ ಕೆಂಪು ಪಾತ್ ಕಾಳು ಹಾಗೇ ಹಾಕುವುದಿಲ್ಲ, ಸಿಪ್ಪೆ ತೆಗೆದು ಬಿಳಿ ಪುಡಿ ಮಾಡಿ ಉದುರಿಸುತ್ತಾರೆ. ಕೆಂಪು ಬಣ್ಣಕ್ಕೆ ದೆವ್ವಗಳು ಹೆದರುತ್ತವೆ ಅಂತ ನಂಬಿಕೆ. ಹೆದರಿಸಿದರೆ ಬರಬೇಕಾದವರೂ ಬರುವುದಿಲ್ಲ ಅಲ್ವಾ? ಪೀಚ್ ಹಣ್ಣು ಇಡದಿರುವುದಕ್ಕೂ ಇದೇ ಕಾರಣ. ಕೆಂಪು ಮೆಣಸಿನಕಾಯಿ ಪುಡಿ, ಬೆಳ್ಳುಳ್ಳಿ ಇಲ್ಲ. ಮೀನಿನಲ್ಲೂ ಗಾಲ್ಚಿ, ಸಾಮ್ಚಿ, ಕೊಂಗ್ಚಿ ಹೀಗೆ ‘ಚಿ’ ಅಂತ ಮುಗಿಯುವ ಹೆಸರಿನವು ಬರುವುದಿಲ್ಲ. ಜೋಗಿ ಮೀನು ಬೇಕೇ ಬೇಕು, ನಮ್ಮ ಕರಾವಳಿಯ ಕಲ್ಲೂರಿನ ಜಾತಿಯದು.

ಊರೂರಿಗೆ ಪದ್ಧತಿ ಬೇರೆ. ಜೊಲ್ಲಾ ಸೀಮೆಯಲ್ಲಿ ಹೊಂಗೊ ಮೀನು ಇಡುತ್ತಾರೆ, ಆಂಡೊಂಗ್‌ನಲ್ಲಿ ಬೇಯಿಸಿದ ಆಕ್ಟೋಪಸ್, ಯೊಂಗ್‌ಚೊನ್‌ನಲ್ಲಿ ಉಪ್ಪು ಹಾಕಿದ ಶಾರ್ಕ್ ಮಾಂಸ, ಜೇಜು ದ್ವೀಪದಲ್ಲಿ ಬ್ರೆಡ್ಡು, ಕೇಕು ಕೂಡ. ಮನೆ ಮನೆಗೂ ಅದರದೇ ಶಾಸ್ತ್ರ ಅಂತ ಇಲ್ಲಿನವರೇ ಹೇಳುತ್ತಾರೆ. ಆದ್ದರಿಂದ ನನ್ನ ಪಟ್ಟಿಯನ್ನೇ ನಿಯಮ ಅಂದುಕೊಳ್ಳಬೇಡಿ, ನಿಮ್ಮ ಅತ್ತೆಯನ್ನು ಕೇಳಿ.

ಜೊನ್ ಬಗ್ಗೆ ಸ್ವಲ್ಪ ಹೇಳಬೇಕು. ಮೀನು, ಮಾಂಸ, ಎಳೇ ಕುಂಬಳ, ತೋಫು ಇವನ್ನು ತೆಳ್ಳಗೆ ಹೆಚ್ಚಿ ಹಿಟ್ಟು, ಮೊಟ್ಟೆಯಲ್ಲಿ ಅದ್ದಿ ಕಾವಲಿಯಲ್ಲಿ ಬೇಯಿಸುವುದು. ಇದೇ ಎಲ್ಲಕ್ಕಿಂತ ಹೊತ್ತು ತಿನ್ನುವ ಕೆಲಸ, ಮತ್ತು ತಲೆತಲಾಂತರದಿಂದ ಇದು ಸೊಸೆಯಂದಿರ ಬೆನ್ನಿನ ಮೇಲೇ ಬಿದ್ದಿದೆ. 2022ರ ಸೆಪ್ಟೆಂಬರಿನಲ್ಲಿ ಸುಂಗ್‌ಗ್ಯುನ್‌ಗ್ವಾನ್, ಅಂದರೆ ಕನ್ಫ್ಯೂಷಿಯನ್ ಪದ್ಧತಿಯ ಮುಖ್ಯ ಸಂಸ್ಥೆ, ಚಾರ್ಯೆಗೆ ಎಣ್ಣೆಯಲ್ಲಿ ಕರಿದದ್ದು ಬೇಕಿಲ್ಲ, ಒಂಬತ್ತು ಬಗೆ ಇಟ್ಟರೆ ಸಾಕು ಅಂತ ಹೇಳಿತು. ಹಣ್ಣುಗಳನ್ನು ಬಣ್ಣ ನೋಡಿ ಜೋಡಿಸುವ ನಿಯಮ ಹಳೇ ಗ್ರಂಥಗಳಲ್ಲೇ ಇಲ್ಲ ಅಂತಲೂ ಹೇಳಿತು. ಆ ಮಾತು ಬೇಕಿತ್ತು, ಇನ್ನೂ ಮೊದಲೇ ಬಂದಿದ್ದರೆ ಎಷ್ಟೋ ಹೆಂಗಸರ ಸೊಂಟ ಉಳಿಯುತ್ತಿತ್ತು. ನಮ್ಮತ್ತೆ ಜೊನ್ ಬಗೆಗಳನ್ನು ಕಡಿಮೆ ಮಾಡಿದರು, ಆದರೆ ಮಾವನಿಗೆ ಇಷ್ಟವಾದ ದೊಂಗ್ತೆ ಮೀನಿನದು ಮಾತ್ರ ಬಿಡಲಿಲ್ಲ. ಕಾವಲಿಯ ಮುಂದೆ ಕೂತವರು ನನ್ನ ಗಂಡ ಮತ್ತು ಮೈದುನ.

ಮೀನಿನ ಹೋಳಿಗೆ ಉಪ್ಪು, ಬಿಳಿ ಕಾಳುಮೆಣಸಿನ ಪುಡಿ ಹಾಕಿ ಬಟ್ಟೆಯಲ್ಲಿ ಒತ್ತಿ ನೀರು ತೆಗೆಯಬೇಕು. ನೀರು ಉಳಿದರೆ ಮೊಟ್ಟೆ ಬಿಟ್ಟುಕೊಳ್ಳುತ್ತದೆ. ಹಿಟ್ಟು ತೀರಾ ತೆಳ್ಳಗೆ, ಜಾಸ್ತಿಯಾದದ್ದನ್ನು ಕೊಡವಬೇಕು. ಉರಿ ಸಣ್ಣದು, ಹಳದಿ ಬಣ್ಣ ಕಂದಾಗಬಾರದು. ಆದ ಮೇಲೆ ಬಿದಿರಿನ ತಟ್ಟೆಯ ಮೇಲೆ ಒಂದೊಂದಾಗಿ ಹರಡಿ ಪೂರ್ತಿ ಆರಿಸಬೇಕು. ಬಿಸಿ ಇರುವಾಗಲೇ ಪೇರಿಸಿದರೆ ಹಬೆಗೆ ಒದ್ದೆಯಾಗಿ ಜಾರುತ್ತದೆ, ಗೋಪುರ ನಿಲ್ಲುವುದಿಲ್ಲ.

ಸಾಂಜೊಕ್ ಅನ್ನುವ ಜೊಕ್‌ಗೆ ನಾನು ದನದ ಮಾಂಸ ಹೆಚ್ಚುತ್ತಿದ್ದೆ. ಅತ್ತೆ ಪಕ್ಕದಲ್ಲಿ ಬಂದು ಕೂತು, “ನೋಡಮ್ಮ, ಇನ್ನೂ ಹತ್ತಿರ ಹತ್ತಿರ ಗೀರು ಹಾಕು, ಅವರಿಗೆ ಹಲ್ಲು ಸರಿ ಇರಲಿಲ್ಲ” ಅಂದರು. ಚಾಕುವಿನ ಬೆನ್ನಿನಿಂದ ತಾವೇ ತಟ್ಟಿ ತೋರಿಸಿದರು, ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಎಳೆ ಮುರಿದು ಮಾಂಸ ಅಗಲವಾಗುವ ತನಕ. ಸೋಯಾ ಸಾಸ್, ಎಳ್ಳೆಣ್ಣೆ, ಪೇರ್ ಹಣ್ಣಿನ ರಸ ಹಾಕಿ ಇಟ್ಟೆವು. ಪೇರ್ ರಸ ಮಾಂಸವನ್ನು ಮೆತ್ತಗೆ ಮಾಡುತ್ತದೆ. ನನಗೆ ಜೇಸಾ ಅರ್ಥವಾದದ್ದು ಆ ಚಾಕುವಿನ ಕೆಲಸದಲ್ಲಿ. ಊಟಕ್ಕೆ ಬರುವ ಒಬ್ಬ ನಿರ್ದಿಷ್ಟ ಮನುಷ್ಯನಿಗಾಗಿ ಅಡುಗೆ ನಡೆಯುತ್ತಿತ್ತು, ಅವರ ಹಲ್ಲು ಹೇಗಿತ್ತು ಅನ್ನುವುದು ಸೇರಿ.

ನಾಮುಲ್, ಅಂದರೆ ಸೊಪ್ಪು ಬೇರುಗಳ ಪಲ್ಯ, ಮೂರು ಬಣ್ಣ: ಬಿಳಿಗೆ ದೊರಾಜಿ ಬೇರು, ಕಂದಿಗೆ ಗೊಸಾರಿ, ಹಸಿರಿಗೆ ಪಾಲಕ್. ಗೊಸಾರಿ ಅಂದರೆ ಕಾಡು ಜರಿಗಿಡದ ಎಳೇ ಚಿಗುರು, ಕೊಡಗಿನ ತೆರ್ಮೆ ಸೊಪ್ಪಿನ ಹಾಗೆ ತುದಿ ಸುರುಳಿ. ಒಣಗಿಸಿದ್ದನ್ನು ರಾತ್ರಿಯಿಡೀ ನೆನೆಸಿ, ಕುದಿಸಿ, ನೀರು ಚೆಲ್ಲಿ, ಮತ್ತೆ ನೆನೆಸಿ ಆಮೇಲೆ ಹುರಿಯಬೇಕು. ಹಸಿಯಾಗಿ ತಿನ್ನಬಾರದು, ಒಳ್ಳೆಯದಲ್ಲ. ಬೇರು ಹಿರಿಯರು, ದಂಟು ಅಪ್ಪ ಅಮ್ಮ, ಎಲೆ ನಾವು ಅಂತ ಅತ್ತೆ ಹೇಳಿದರು. ತಾಂಗ್ ಅನ್ನುವ ಸಾರಿಗೆ ದನದ ಮಾಂಸ, ಮೂಲಂಗಿ, ತೋಫು, ಬರೀ ಉಪ್ಪು ಮತ್ತು ಸಾರಿನ ಸೋಯಾ ಸಾಸ್.

ಚೆಸ್ಟ್‌ನಟ್ ಸುಲಿಯುವ ಕೆಲಸ ಸಂಜೆ. ಹೊರ ಸಿಪ್ಪೆ, ಒಳ ಸಿಪ್ಪೆ ತೆಗೆದು, ಚಾಕುವಿನಲ್ಲಿ ಮುಖ ಮುಖವಾಗಿ ಕೆತ್ತಿ, ಮೇಲೆ ಕೆಳಗೆ ಚಪ್ಪಟೆ ಮಾಡಿ ನೀರಲ್ಲಿ ಹಾಕುವುದು. ಚೆಸ್ಟ್‌ನಟ್ ಮೊಳೆತು ಮರವಾದ ಮೇಲೂ ಬಿತ್ತಿದ ಬೀಜ ಬೇರಿನ ಹತ್ತಿರ ತುಂಬಾ ಕಾಲ ಹಾಗೇ ಇರುತ್ತದೆ ಅಂತ ಇವರು ಹೇಳುತ್ತಾರೆ, ಹಿರಿಯರನ್ನು ಮರೆಯದಿರುವುದಕ್ಕೆ ಅದೇ ಗುರುತು. ಹಿಂದೆ ಹಿರಿಯರ ಹೆಸರು ಬರೆದಿಡುತ್ತಿದ್ದ ಹಲಗೆಯನ್ನೂ ಈ ಮರದಲ್ಲೇ ಮಾಡುತ್ತಿದ್ದರು.

ಪೇರಿಸುವುದು, ಜೋಡಿಸುವುದು

ರಿಪೇರಿಯಾದ ತಟ್ಟೆಗಳಿಗೆ ಇಲ್ಲಿ ನಿಜವಾದ ಪರೀಕ್ಷೆ. ಮೊದಲು ಬಿಳಿ ಹಾಂಜಿ ಕಾಗದವನ್ನು ತಟ್ಟೆಯ ಅಳತೆಗೆ ಕತ್ತರಿಸಿ ಹಾಸಿದೆ. ಯಾಕ್‌ಗ್ವಾ ಸಿಹಿಗಳನ್ನು ಸುತ್ತಲೂ ಜೋಡಿಸಿ, ಮೇಲೆ ಮತ್ತೊಂದು ಕಾಗದ, ಅದರ ಮೇಲೆ ಮುಂದಿನ ಸುತ್ತು. ಹೀಗೆ ಮಾಡಿದರೆ ಒಂದು ಸುತ್ತಿನ ಭಾರ ಕೆಳಗಿನ ಸುತ್ತಿನ ಮೇಲೆ ಸಮವಾಗಿ ಕೂರುತ್ತದೆ. ಸೇಬು, ಪೇರ್ ಹಣ್ಣುಗಳ ತಳವನ್ನು ತೆಳ್ಳಗೆ ಕೊಯ್ದರೆ ಅಲುಗದೆ ನಿಲ್ಲುತ್ತವೆ. ಮೇಲಿನ ತುದಿಯನ್ನೂ ಕೊಯ್ಯಬೇಕು. ಸಿಪ್ಪೆ ಮುಚ್ಚಿಕೊಂಡಿದ್ದರೆ ಹಿರಿಯರು ತಿನ್ನುವುದು ಹೇಗೆ? ಹಣ್ಣಿನ ಸಂಖ್ಯೆ ಬೆಸ.

ಕಾಲು ಕೂಡಿಸಿದ ತಟ್ಟೆಗೆ ಬೇಕಂತಲೇ ಸೇಬು ಹಾಕಿದೆ, ಎಲ್ಲಕ್ಕಿಂತ ಭಾರ ಅದೇ. ಅಲ್ಲಾಡಲಿಲ್ಲ.

ಮೇಜಿನ ಹಿಂದೆ ಮಡಿಸುವ ಪರದೆ. ಅದರ ಮುಂದೆ ಜಿಬಾಂಗ್, ಅಂದರೆ 22 ಸೆಂಟಿಮೀಟರ್ ಉದ್ದ, 6 ಅಗಲದ ಕಾಗದದ ಮೇಲೆ ಮಾವನ ಸ್ಥಾನ ಬರೆದದ್ದು. ಆ ಕಡೆಯೇ ಉತ್ತರ ಅಂತ ಲೆಕ್ಕ, ಮನೆಯ ದಿಕ್ಕು ಏನೇ ಇರಲಿ. ಹಾಗಾಗಿ ನಮ್ಮ ಬಲಗಡೆ ಪೂರ್ವ. ಅವರಿಗೆ ಹತ್ತಿರದ ಸಾಲಿನಲ್ಲಿ ಅನ್ನ, ತಾಂಗ್, ಮದ್ಯದ ಬಟ್ಟಲು, ಚಮಚ. ಅದರ ಈಚೆ ಜೊಕ್ ಮತ್ತು ಜೊನ್, ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ, ಮೀನಿನ ತಲೆ ಪೂರ್ವಕ್ಕೆ. ಮೂರನೇ ಸಾಲು ತಾಂಗ್‌ನ ಬೇರೆ ಬಗೆಗಳಿಗೆ, ನಮ್ಮನೆಯಲ್ಲಿ ಒಂದೇ ಬಗೆ, ಆದ್ದರಿಂದ ಆ ಸಾಲೇ ಇಲ್ಲ. ಆಮೇಲೆ ನಾಮುಲ್, ಎಡಕ್ಕೆ ಒಣಮೀನು, ಬಲಕ್ಕೆ ಅಕ್ಕಿಯಿಂದ ಮಾಡುವ ಸಿಹಿ ಪಾನೀಯ ಸಿಖ್ಯೆ. ನಮಗೆ ಹತ್ತಿರದ ಕೊನೆಯ ಸಾಲಿನಲ್ಲಿ ಹಣ್ಣು, ಸಿಹಿ. ಅನ್ನ ನಮ್ಮ ಎಡಕ್ಕೆ, ಸಾರು ಬಲಕ್ಕೆ ಬರಬೇಕು. ಎದುರು ಕೂತವರ ಕಡೆಯಿಂದ ನೋಡಿದರೆ ಇದು ಬದುಕಿರುವವರ ಊಟಕ್ಕೆ ಉಲ್ಟಾ.

ಎಲ್ಲ ಆದ ಮೇಲೆ ಅತ್ತೆ ಒಂದು ಲೋಟ ಮಿಕ್ಸ್ ಕಾಫಿ ತಂದು ಹಣ್ಣಿನ ಪಕ್ಕ ಇಟ್ಟರು. ಅದು ಯಾವ ಸಾಲಿನ ಲೆಕ್ಕಕ್ಕೂ ಇಲ್ಲ, ಮಾವ ಊಟವಾದ ಮೇಲೆ ಕುಡಿಯುತ್ತಿದ್ದದ್ದು. ನಮ್ಮ ಕಡೆ ಪಿತೃಪಕ್ಷದ ಎಡೆಯಲ್ಲಿ ತೀರಿಕೊಂಡವರಿಗೆ ಇಷ್ಟವಾದದ್ದನ್ನು ಇಡುತ್ತೇವಲ್ಲ, ಅದನ್ನೇ ಅತ್ತೆಗೆ ಹೇಳಿದೆ.

ರಾತ್ರಿ

ಹಿಂದೆ ತಿಥಿ ಹುಟ್ಟುವ ಹೊತ್ತಿಗೆ, ನಡುರಾತ್ರಿ ಮಾಡುತ್ತಿದ್ದರು. ಈಗ ಮರುದಿನ ಎಲ್ಲರಿಗೂ ಕೆಲಸ, ಹಾಗಾಗಿ ತಿಥಿಯ ದಿನವೇ ರಾತ್ರಿ ಎಂಟೂವರೆಗೆ. ಬಾಗಿಲು ಸ್ವಲ್ಪ ತೆರೆದಿಟ್ಟೆವು. ನನ್ನ ಗಂಡ ಹಿರಿಯ ಮಗ, ಅವರು ಊದಿನಕಡ್ಡಿ ಹಚ್ಚಿ, ಮರಳಿನ ಬಟ್ಟಲಿಗೆ ಮದ್ಯವನ್ನು ಮೂರು ಸಲ ಸುರಿದರು. ಹೊಗೆ ಮೇಲಿಂದ ಕರೆಯಲು, ಮದ್ಯ ನೆಲದಿಂದ ಕರೆಯಲು. ಆಮೇಲೆ ಎಲ್ಲರೂ ಎರಡು ಸಲ ಅಡ್ಡಬಿದ್ದೆವು. ಬದುಕಿರುವವರಿಗಾದರೆ ಒಂದೇ ಸಲ.

ಮೂರು ಬಟ್ಟಲು ಮದ್ಯ ಕೊಡಬೇಕು. ಮೊದಲನೆಯದು ಹಿರಿಯ ಮಗನದು, ಎರಡನೆಯದು ಹಿರಿಯ ಸೊಸೆಯದು. ಬಟ್ಟಲನ್ನು ಅದರ ಎತ್ತರದ ಅಡ್ಡಣಿಗೆ ಸಮೇತ ಎರಡೂ ಕೈಯಲ್ಲಿ ಹಿಡಿದಾಗ, ಅಂಚಿನಲ್ಲಿ ನಾನೇ ಸೊನೆ ಹಚ್ಚಿದ ಜಾಗ ಹೆಬ್ಬೆರಳಿಗೆ ಸಿಕ್ಕಿತು. ಮೂರನೆಯದು ಮೈದುನನದು. ಆಮೇಲೆ ಚಮಚವನ್ನು ಅನ್ನದ ನಡುವೆ ನೆಟ್ಟಗೆ ಊರಿ, ಚಾಪ್‌ಸ್ಟಿಕ್ಕನ್ನು ಮಾಂಸದ ತಟ್ಟೆಯ ಮೇಲಿಟ್ಟರು. ಕೊರಿಯಾದಲ್ಲಿ ದಿನದ ಊಟದಲ್ಲಿ ಅನ್ನಕ್ಕೆ ಚಮಚ ಊರಿ ಬಿಡಬಾರದು ಅನ್ನುವುದು ಇದಕ್ಕೇ.

ನಂತರ ಎಲ್ಲರೂ ಹೊರಗೆ ಬಂದು ಕೋಣೆಯ ಬಾಗಿಲು ಹಾಕಿಕೊಂಡೆವು. ಒಂಬತ್ತು ಚಮಚ ಅನ್ನ ತಿನ್ನುವಷ್ಟು ಹೊತ್ತು ಹೊರಗೇ ಕಾಯಬೇಕು, ಊಟ ಮಾಡುವವರನ್ನು ನೋಡುತ್ತಾ ನಿಲ್ಲಬಾರದು ಅಂತ. ಅಡುಗೆಮನೆಯಲ್ಲಿ ನಿಂತು ಅತ್ತೆ ಗಡಿಯಾರ ನೋಡಲಿಲ್ಲ, ತಮ್ಮಷ್ಟಕ್ಕೇ ಬಾಯಲ್ಲಿ ಎಣಿಸುತ್ತಿದ್ದರು, ಒಂದೊಂದು ಅಂಕಿಗೂ ತುಂಬಾ ಹೊತ್ತು ತೆಗೆದುಕೊಂಡು. “ಅವರು ನಿಧಾನಕ್ಕೆ ತಿನ್ನೋರು” ಅಂದರು. ಮೈದುನನಿಗೆ ಅಳು ತಡೆಯಲಾಗಲಿಲ್ಲ. ಗಂಡ ಮೂರು ಸಲ ಕೆಮ್ಮಿ ಬಾಗಿಲು ತೆರೆದರು. ಸಾರು ತೆಗೆದು ಅನ್ನದ ತಳ ಹತ್ತಿದ ಸುಂಗ್ನ್ಯುಂಗ್ ನೀರಿಟ್ಟು, ಮೂರು ಚಮಚ ಅನ್ನ ಅದರಲ್ಲಿ ಹಾಕಿದರು. ಮತ್ತೆ ಅಡ್ಡಬಿದ್ದು ಬೀಳ್ಕೊಟ್ಟು, ಜಿಬಾಂಗ್ ಸುಟ್ಟೆವು.

ಆಮೇಲೆ

ಉಂಬೊಕ್‌ಗೆ ನಾಮುಲ್ ಅನ್ನವನ್ನು ಸೋಯಾ ಸಾಸ್‌ನಲ್ಲಿ ಕಲಸಿ ತಿಂದೆವು. ಖಾರ ಹಾಕುವುದಿಲ್ಲ. ಬಿಬಿಂಬಾಪ್ ಹುಟ್ಟಿದ್ದೇ ಜೇಸಾ ಊಟದಿಂದ ಅಂತ ಒಂದು ಮಾತಿದೆ. ಆಂಡೊಂಗ್‌ನಲ್ಲಿ ಜೇಸಾ ಇಲ್ಲದ ದಿನವೂ ಇದೇ ಊಟವನ್ನು ಹೊಟ್‌ಜೇಸಾಬಾಪ್ ಅಂತ ಬಡಿಸುತ್ತಾರೆ. ಉಳಿದ ಜೊನ್‌ಗಳನ್ನು ಮರುದಿನ ಚಿಗೆ ಸಾರಿಗೆ ಹಾಕಿದರೆ ರುಚಿ.

ಪಾತ್ರೆಗಳ ವಿಷಯ: ಒಟ್‌ಚಿಲ್ ಪಾತ್ರೆಯನ್ನು ನೀರಲ್ಲಿ ನೆನೆಹಾಕಬಾರದು, ಡಿಶ್‌ವಾಷರ್ ಬೇಡವೇ ಬೇಡ. ಮೆತ್ತನೆ ಬಟ್ಟೆ, ಉಗುರುಬೆಚ್ಚಗಿನ ನೀರು, ಸ್ವಲ್ಪ ಸೋಪು, ತಕ್ಷಣ ಒರೆಸಿ ನೆರಳಲ್ಲಿ ಒಂದು ದಿನ ಬಿಡಬೇಕು. ಕಾಲು ಕೂಡುವ ಜಾಗದಲ್ಲಿ ನೀರು ನಿಂತಿಲ್ಲ ಅಂತ ಬೆರಳಲ್ಲಿ ಮುಟ್ಟಿ ನೋಡಿ. ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ನೆಲದ ಹತ್ತಿರದ ಬೀರು ಬಿಟ್ಟು, ಬಾಯ್ಲರ್ ಬಿಸಿ ತಾಗದ ಮೇಲಿನ ಅರೆಗೆ ಸಾಗಿಸಿದೆವು. ತೊಕ್ ಇಡುವ ಚೌಕ ಮಣೆಯ ಒಂದು ಕಡೆ ಇನ್ನೂ ಚಕ್ಕೆ ಏಳುತ್ತಿದೆ, ಅದನ್ನು ಸುವೊನ್‌ಗೆ ತಂದಿದ್ದೇನೆ. ಸೊಲ್ಲಾಲ್ ಚಾರ್ಯೆಗೆ ಮೊದಲು ಅದಕ್ಕೆ ಸೊನೆ ಹಚ್ಚಿ ಮುಗಿಸಬೇಕು.